ಮನೆಮಾತು ಹುಡುಕಿಕೊಂಡು ಹೋದವನ ಪಾಡು

ಜನರ ಮಾತಿನ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೊರಟವನಿಗೆ ಆಗುವ ಮೊದಲ ಅನಾಹುತವೆಂದರೆ ಅವನು ಕೇಳುವ ಪ್ರಶ್ನೆ ಯಾರಿಗೂ ತಿಳಿಯುವುದಿಲ್ಲ. ಎರಡನೆಯದು, ಅವರು ಕೊಡುವ ಉತ್ತರ ಇವನಿಗೆ ತಿಳಿಯುವುದಿಲ್ಲ. ನನಗೆ ಇವೆರಡೂ ವಾರಕ್ಕೊಮ್ಮೆ ತಪ್ಪದೆ ಆಗುತ್ತಿದ್ದವು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮರಾಠಿ ಸೀಮೆಗೆ ಸೇರಿದ ಗಡಿಯೂರು ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಕಲಿಸುತ್ತಿದ್ದೆ. ಪಿಎಚ್.ಡಿ. ಆಗದಿದ್ದರೆ ನೌಕರಿ ಕಾಯಂ ಆಗುವುದಿಲ್ಲ ಎಂದು ಪ್ರಿನ್ಸಿಪಾಲರು ಹೆದರಿಸಿದ್ದರು. ಹಾಗಾಗಿ ಕೊಲ್ಲಾಪುರದ ಒಬ್ಬ ಹಿರಿಯ ಪ್ರಾಧ್ಯಾಪಕರ ಕೈಗೆ ಬಿದ್ದೆ. ಅವರು ಮರಾಠಿಯವರು. ಫ್ರೆಂಚ್ ಬಲ್ಲರು, ಜರ್ಮನ್ ಬಲ್ಲರು, ಕನ್ನಡ ಮಾತ್ರ ಒಂದಕ್ಷರ ಬಾರದು. ಅವರೇ ವಿಷಯ ಕೊಟ್ಟರು. ಯುರೋಪಿನ ಗಡಿಸೀಮೆಗಳಲ್ಲಿ ರಾಜ್ಯ ಬದಲಾದಾಗಲೆಲ್ಲ ಜನರ ಮಾತು ಏನಾಯಿತು, ನಮ್ಮ ಕಡೆಯ ಕನ್ನಡ ಮನೆಗಳ ಮಾತು ಏನಾಗಿದೆ, ಎರಡನ್ನೂ ಹೋಲಿಸಿ ಬರೆಯಬೇಕು. "ಯುರೋಪಿನದು ಪುಸ್ತಕದಲ್ಲಿ ಸಿಗುತ್ತದೆ, ನಿಮ್ಮದಕ್ಕೆ ತಿರುಗಬೇಕು" ಎಂದರು. ತಿರುಗಿದೆ. ಪ್ರಬಂಧದಲ್ಲಿ ಸೇರಿಸಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

೧. ಮನೀ ಮಾತು

ಮೊದಲ ಸಂದರ್ಶನಕ್ಕೆ ಇಚಲಕರಂಜಿಯ ಮಗ್ಗುಲಲ್ಲೇ ಇರುವ ಕಬನೂರಿಗೆ ಹೋದೆ. ಒಬ್ಬ ನೇಕಾರರ ಮನೆ. ಮುಂದೆ ನಾಲ್ಕು ಪಾವರ್‌ಲೂಮು, ಹಿಂದೆ ಸಂಸಾರ. ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಪ್ರಶ್ನಾವಳಿಯ ಮೊದಲ ಪ್ರಶ್ನೆಯನ್ನೇ ಗಂಟಲು ಹರಿಯುವಂತೆ ಕೂಗಿದೆ: "ನಿಮ್ಮ ಮನಿ ಮಾತು ಯಾವುದ್ರೀ?"

ಅವರು ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾಕ್ರಿ?"

"ಬರಕೊಳ್ಳಾಕ್ರಿ."

"ಬರಕೊಂಡು ಏನ ಮಾಡವರು?"

"ಕೊಲ್ಲಾಪುರದಾಗ ತೋರಸೂದೈತ್ರಿ. ಮುಂದ ಪುಸ್ತಕಾನೂ ಆಗಬಹುದು."

ಅವರ ಮುಖ ಗಂಟಿಕ್ಕಿತು. "ನೋಡ್ರಿ ಸರ, ನಮ್ಮದು ಮರ್ಯಾದಿಯಿಂದ ಬಾಳಿದ ಮನಿ. ಮನೀ ಮಾತ ಹೊರಗಿನವರ ಮುಂದ ಹೇಳೂ ಪದ್ಧತಿ ನಮ್ಮಲ್ಲಿಲ್ಲ."

ತಪ್ಪು ತಿಳಿವಳಿಕೆಯಾಗಿದೆ ಎಂದು ಬಿಡಿಸಿ ಹೇಳಲು ಹೋದೆ. "ಹಂಗಲ್ರಿ. ನೀವು, ನಿಮ್ಮ ಮನಿಯವರು ಮನ್ಯಾಗ ಏನ ಮಾತಾಡತೀರಿ, ಅಷ್ಟ ಹೇಳ್ರಿ ಸಾಕು."

"ಗಂಡ ಹೆಂಡತಿ ಏನ ಮಾತಾಡತಾರಂತ ಕೇಳಾಕ ಕೊಲ್ಲಾಪುರದವರು ಮಂದಿ ಇಟ್ಟಾರೇನ್ರಿ?"

ಮಗ್ಗದ ಸದ್ದು ನಿಂತದ್ದು ಕೇಳಿ ಅವರ ಹೆಂಡತಿ ಒಳಗಿನಿಂದ ಬಂದರು. ಇವರು ಗಡಿಬಿಡಿಯಿಂದ, "ಈ ಸರ ಮನೀ ಮಾತ ಕೇಳಾಕ ಬಂದಾರ. ನಾ ಏನೂ ಹೇಳಿಲ್ಲ ನೋಡು" ಎಂದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ನನ್ನೆದುರು ಚಕ್ಕಳಮಕ್ಕಳ ಹಾಕಿ ಕುಳಿತರು. "ನೀ ಎಲ್ಲಿ ಹೇಳತಿ? ಹದಿನೆಂಟ ವರ್ಷದಾಗ ಒಬ್ಬರೂ ಕೇಳಿರಲಿಲ್ಲ. ನಾ ಹೇಳತೇನಿ, ಬರಕೋರಿ ಸರ."

ಮದುವೆಯಾದ ಮೂರನೆಯ ದಿನ ಅತ್ತೆ ಏನಂದರು ಎಂಬಲ್ಲಿಂದ ಶುರುವಾಯಿತು. ತವರಿನಿಂದ ತಂದ ಹಿತ್ತಾಳೆಯ ಕೊಡ ನಾದಿನಿಯ ಮನೆ ಸೇರಿದ್ದು, ದೀಪಾವಳಿಗೆ ಕರೆಯದೆ ಇದ್ದದ್ದು, ಎಲ್ಲವೂ ಬಂತು. ಎಂಟು ಹಾಳೆ ತುಂಬಿದವು. ಅಷ್ಟು ಚೊಕ್ಕ ಕನ್ನಡವನ್ನು ನಾನು ಆ ಊರಿನಲ್ಲಿ ಮತ್ತೆಲ್ಲೂ ಕೇಳಲಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟುವಾಗ ಆಕೆ ಮೆಲ್ಲಗೆ ಕರೆದು ಹೇಳಿದರು: "ಸರ, ಪುಸ್ತಕದಾಗ ನಮ್ಮತ್ತಿ ಹೆಸರ ದಪ್ಪ ಅಕ್ಷರದಾಗ ಹಾಕ್ರಿ."

೨. ಸಾಯುವ ಕ್ರಿಯಾಪದ

ಪ್ರಾಧ್ಯಾಪಕರು ಯಾವುದೋ ಯುರೋಪಿನ ಪುಸ್ತಕ ನೋಡಿ ಒಂದು ಪಟ್ಟಿ ಮಾಡಿಕೊಟ್ಟಿದ್ದರು. ಒಂದೊಂದು ಕ್ರಿಯಾಪದವನ್ನೂ ಜನರ ಬಾಯಿಂದ ಮೂರು ಕಾಲಗಳಲ್ಲಿ ಹೇಳಿಸಬೇಕು. ನಾನು 'ಸಾಯು' ಎಂಬುದನ್ನು ಆರಿಸಿಕೊಂಡೆ. ಹಳೆಯ ಶಬ್ದ, ರೂಪ ಬದಲಿಸುವ ಶಬ್ದ, ಸಂಶೋಧಕನಿಗೆ ಹಬ್ಬ.

ಮುರಗೂಡದ ಕಡೆ ಒಂದು ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಸಿಕ್ಕರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಕಂಬಳಿ ಹಾಸಿ ನನ್ನನ್ನು ಕೂರಿಸಿಕೊಂಡರು. ಅವರಿಗೆ ಪರಿಚಯದ ವಿಷಯದಲ್ಲೇ ಕೇಳಬೇಕೆಂಬ ನಿಯಮ ಪಾಲಿಸಿ ಕೇಳಿದೆ: "ಅಜ್ಜಾರ, 'ನನ್ನ ಕುರಿ ಸತ್ತಿತು' ಅನ್ನೂದನ್ನ ನಿಮ್ಮ ಮಾತಿನ್ಯಾಗ ಹೆಂಗ ಅಂತೀರಿ?"

ಅಜ್ಜ ಧಡಕ್ಕನೆ ಎದ್ದರು. "ಯಾವುದು?"

"ಯಾವುದೂ ಸತ್ತಿಲ್ರಿ. ಸುಮ್ಮ ಮಾತಿಗಂದೆ."

ಅವರು ನಿಟ್ಟುಸಿರು ಬಿಟ್ಟು ಕುಳಿತರು. ನಾನು ಮುಂದುವರಿದೆ. "ಈಗ 'ನನ್ನ ಕುರಿ ಸಾಯಾಕತ್ತೈತಿ' ಅನ್ರಿ."

ಮತ್ತೆ ಎದ್ದು ಹಣೆಗೆ ಕೈ ಹಚ್ಚಿ ಹಿಂಡನ್ನೆಲ್ಲ ನೋಡಿದರು. "ಎಲ್ಲಾ ನೆಟ್ಟಗ ಮೇಯಾಕತ್ತಾವಲ್ಲೋ ತಮ್ಮಾ!"

"ಇನ್ನೊಂದ ಉಳದೈತ್ರಿ ಅಜ್ಜಾರ. 'ನಾಳೆ ನನ್ನ ಕುರಿ ಸಾಯತಾವು.'"

ಅಜ್ಜ ಕೋಲು ಕೈಗೆ ತೆಗೆದುಕೊಂಡರು. "ನಿನ್ನೆ ಸತ್ತಾವ, ಇವತ್ತ ಸಾಯಾಕತ್ತಾವ, ನಾಳೆ ಸಾಯತಾವ! ಒಟ್ಟ ನನ್ನ ಹಿಂಡಿನ್ಯಾಗ ಒಂದೂ ಉಳೀಬಾರದಂತ ಬಂದೀಯೇನ?"

ಮೂರು ಕಾಲವೂ ಒಂದೇ ಉಸಿರಿನಲ್ಲಿ, ಒಂದು ತಪ್ಪಿಲ್ಲದೆ ಬಂದಿದ್ದವು. ನಾನು ಹಿಂದೆ ಸರಿಯುತ್ತಲೇ ಬರೆದುಕೊಂಡೆ.

"ಮತ್ತ ಏನ ಬರಕೊಳ್ಳಾಕತ್ತಿ?"

"ವ್ಯಾಕರಣರಿ ಅಜ್ಜಾರ."

"ಅದ್ಯಾವ ಹೊಸಾ ಬ್ಯಾನಿಯೋ?" ಅಜ್ಜ ಹೆದರಿ ಕೋಲು ಅಡ್ಡ ಹಿಡಿದರು. "ಅಲ್ಲೇ ನಿಲ್ಲು. ಹಿಂಡಿನ ಹತ್ರ ಬರಬ್ಯಾಡ."

೩. ಸಾತಬಾರಾ

ನಾಂದಣಿಯಲ್ಲಿ ಒಬ್ಬ ಜೈನ ಜಮೀನುದಾರರು ನನಗೆ ಬಹಳ ನೆರವಾದರು. ವ್ಯಾಪಾರವೂ ಇದ್ದ ಮನೆತನ. ಅವರ ಜಗಲಿಯ ಮೇಲೆ ಕುಳಿತು ಒಂದು ದಿನ ನಾನು ಹುರುಪಿನಿಂದ ಯುರೋಪಿನ ಕಥೆ ಹೇಳಿದೆ. ಫ್ರಾನ್ಸಿಗೂ ಜರ್ಮನಿಗೂ ನಡುವೆ ಒಂದು ಸೀಮೆ ಇದೆ, ಅಲ್ಲಿಯ ಒಬ್ಬ ಮುದುಕ ಹುಟ್ಟಿದ ಮನೆ ಬಿಟ್ಟು ಕದಲದೆ ನಾಲ್ಕು ಸಲ ದೇಶ ಬದಲಾಯಿಸಿರಬಹುದು, ಒಮ್ಮೆ ಆ ಭಾಷೆ, ಒಮ್ಮೆ ಈ ಭಾಷೆ ಎಂದೆಲ್ಲ ವಿವರಿಸಿದೆ.

ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು: "ಸಾತಬಾರಾ ಯಾವ ಭಾಷಾದಾಗ ಬರೀತಿದ್ರು?"

ಸಾತಬಾರಾ ಎಂದರೆ ನಮ್ಮ ಕಡೆ ಹೊಲ ಯಾರ ಹೆಸರಿನಲ್ಲಿದೆ ಎಂದು ತಲಾಠಿ, ಅಂದರೆ ಊರ ಶಾನುಭೋಗ, ಬರೆದಿಡುವ ಕಾಗದ. ನಾನು ಪ್ರಶ್ನೆಯನ್ನು ಹಾಗೇ ಬರೆದುಕೊಂಡೆ.

"ಅಲ್ರಿ, ಅರಸ ಯಾರರೇ ಆಗವಲ್ಲನ್ಯಾಕ. ಭಾಷಾ ಬದಲಾತಂದ್ರ ತಲಾಠಿ ಹೆಸರ ತಪ್ಪ ಬರೀತಾನ. ನಮ್ಮಜ್ಜ ಪಾಯಗೊಂಡ. ಕನ್ನಡದ್ದು ಮರಾಠಿ ಮಾಡೂದ್ರಾಗ ಅವ ಪಾಯಗುಂಡಾ ಆದ. ಸತ್ತಾಂವ ಗುಂಡಾ ಅಲ್ಲಂತ ಬರದ ಕೊಟ್ಟ ಕೊಟ್ಟ ನಮ್ಮಪ್ಪ ಮುದುಕ ಆದ. ಇದು ಒಂದ ಸಲಕ್ಕ. ಅವರದು ನಾಲ್ಕ ಸಲ ಅಂತೀರಿ!"

ಪ್ರಶ್ನೆಯನ್ನು ಕೊಲ್ಲಾಪುರಕ್ಕೆ ಹೊತ್ತುಕೊಂಡು ಹೋದೆ. ಪ್ರಾಧ್ಯಾಪಕರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಕಪಾಟಿನಿಂದ ಫ್ರೆಂಚ್ ಪುಸ್ತಕ ಇಳಿದವು, ಜರ್ಮನ್ ಪುಸ್ತಕ ಇಳಿದವು. ಒಂದು ತಿಂಗಳು ಕಣ್ಣು ಕೆಂಪು ಮಾಡಿಕೊಂಡು ಓದಿ, "ಯುದ್ಧ ಇವೆ, ಒಪ್ಪಂದ ಇವೆ, ಅರಸರ ಮದುವೆಗಳೂ ಇವೆ. ಇದೊಂದು ಸಿಗುತ್ತಿಲ್ಲ" ಎಂದು ಕೈಚೆಲ್ಲಿದರು.

ಅದನ್ನು ನಾಂದಣಿಯಲ್ಲಿ ಹೇಳಿದಾಗ ಜಮೀನುದಾರರಿಗೆ ನಿಜಕ್ಕೂ ಮರುಕ ಬಂತು. "ಪಾಪ, ವಯಸ್ಸಾದವರು. ಪುಸ್ತಕ ಓದೂದ ಬಿಡ್ರಿ ಅಂತ ಹೇಳ್ರಿ. ಅಲ್ಲೀ ತಲಾಠಿಗೆ ಒಂದ ಅರ್ಜಿ ಹಾಕಿದ್ರ ಎಲ್ಲಾ ಹೊರಗ ಬರತೈತಿ."

೪. ಒಂದೇ ಶಬ್ದದ ಜಾಗ

ಅದೇ ಹೊತ್ತಿಗೆ ಜನಗಣತಿ ಬಂತು. ನಮ್ಮ ಮನೆಗೆ ಬಂದವರು ಪ್ರಾಥಮಿಕ ಶಾಲೆಯ ಒಬ್ಬ ಬಾಯಿಯವರು; ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುವುದು. ನನ್ನ ತಾಯಿ ಕನ್ನಡದವಳು, ಹೆಂಡತಿ ಕೊಲ್ಲಾಪುರದ ಮರಾಠಿಯವಳು, ಅತ್ತೆಯ ಜತೆ ಇದ್ದೂ ಇದ್ದೂ ಕನ್ನಡ ಕಲಿತವಳು. ಬಾಯಿಯವರು ನನ್ನ ಹೆಸರು, ವಯಸ್ಸು ಬರೆದುಕೊಂಡು "ಮಾತೃಭಾಷಾ?" ಎಂದರು.

ಇಷ್ಟು ವರ್ಷ ಊರವರಿಗೆ ನಾನು ಕೇಳುತ್ತಿದ್ದ ಪ್ರಶ್ನೆಯನ್ನು ಕೊನೆಗೂ ಒಬ್ಬರು ನನಗೆ ಕೇಳಿದ್ದರು. ಮಾತೃಭಾಷೆ ಎಂದರೆ ತಾಯಿಯ ಭಾಷೆಯೋ, ಕನಸಿನ ಭಾಷೆಯೋ, ಎಣಿಕೆಯ ಭಾಷೆಯೋ ಎಂದು ಶುರುಮಾಡಿದವನು ಯುರೋಪಿನವರೆಗೂ ಹೋಗಿ ಬಂದೆ. ಎರಡು ಸಲ ಚಹಾ ಆಯಿತು. ಬಾಯಿಯವರು ಅಳುವ ಧ್ವನಿಯಲ್ಲಿ, "ಸರ, ಒಂದ ಶಬ್ದ ಬರ್ಯಾಕ ಜಾಗಾ ಐತ್ರಿ" ಎಂದರು.

ಒಳಗಿನಿಂದ ತಾಯಿ ಕೂಗಿದಳು: "ಕನ್ನಡಾ ಅಂತ ಬರಿಯವ್ವಾ. ನಿದ್ದಿಗಣ್ಣಾಗ ಬಡಬಡಸೂದು ಅದರಾಗ."

"ಸಿಟ್ಟ ಬಂದ್ರ ಮರಾಠೀ ರೀ," ಎಂದಳು ಹೆಂಡತಿ.

"ಮತ್ತ ಈಗ ಸರ ಮಾತಾಡಿದ್ದು ಯಾವುದ್ರಿ?" ಬಾಯಿಯವರು ದಿಕ್ಕು ತೋಚದೆ ಕೇಳಿದರು.

ಹೆಂಡತಿಯೇ ಹೇಳಿದಳು: "ಅದು ನಮಗೂ ಯಾರಿಗೂ ತಿಳಿಯೂದಿಲ್ರಿ."

೫. ಕನ್ನಡವಷ್ಟೇ ಬರುವ ಅಜ್ಜಿ

ಕೊನೆಯ ವರ್ಷ ಪ್ರಾಧ್ಯಾಪಕರ ಅತಿಥಿಯಾಗಿ ಜರ್ಮನಿಯ ಒಬ್ಬ ವಿದ್ವಾಂಸರು ಬಂದರು. ದಕ್ಷಿಣದ ಭಾಷೆಗಳ ಮೇಲೆ ಕೆಲಸ ಮಾಡಿದವರು. ಪುಸ್ತಕದಿಂದ ಕನ್ನಡ ಕಲಿತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಚಹಾದವನಿಗೆ "ಅಯ್ಯಾ, ಉಷ್ಣ ಪಾನೀಯವನ್ನು ದಯಪಾಲಿಸು" ಎಂದಾಗ ಅವನು ಎದ್ದು ನಿಂತು ಕೈ ಮುಗಿದ. ಅವರ ಬಯಕೆ ಒಂದೇ: ಮರಾಠಿಯ ಗಾಳಿ ಸೋಕದ, ಕನ್ನಡವಷ್ಟೇ ಬರುವ ಒಬ್ಬರ ಮಾತನ್ನು ಟೇಪಿಗೆ ಹಿಡಿಯಬೇಕು. ಅದು ಸಿಕ್ಕರೆ ನನ್ನ ಪ್ರಬಂಧಕ್ಕೂ ಕಳಸವಿಟ್ಟ ಹಾಗೆ ಎಂದರು ಪ್ರಾಧ್ಯಾಪಕರು.

ಹದಿನೈದು ದಿನ ಹುಡುಕಿದೆ. ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ ಅಂಥ ಒಬ್ಬ ಅಜ್ಜಿ ಇದ್ದಾಳೆಂದು ಗೊತ್ತಾಯಿತು. ವಯಸ್ಸು ಎಪ್ಪತ್ತೈದು, ಶಾಲೆ ಕಂಡವಳಲ್ಲ, ಊರು ಬಿಟ್ಟವಳಲ್ಲ. ಮೂವರೂ ಹೋದೆವು. ಅಜ್ಜಿ ಹೊಸ ಸೀರೆ ಉಟ್ಟು ಕಾದಿದ್ದಳು. ವಿದ್ವಾಂಸರು ಟೇಪ್‌ರೆಕಾರ್ಡರಿನ ಗುಂಡಿ ಒತ್ತಿ, ಮೈಕು ಮುಂದಿಟ್ಟು, "ಮಾತೆಯೇ, ತಮ್ಮ ಬಾಲ್ಯದ ವೃತ್ತಾಂತವನ್ನು ನಿರೂಪಿಸಬೇಕು" ಎಂದರು.

ಅಜ್ಜಿ ಅವರ ಕೆಂಪು ಮುಖವನ್ನೇ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ, ಕೂರಲು ಹೇಳಿ ಚಹಾ ವಿಚಾರಿಸುತ್ತ ಬಾಯಿ ಬಿಟ್ಟಳು: "ಬಸಾ ಸಾಹೇಬ. ಚಹಾ ಘೇಣಾರ?"

ಮರಾಠಿ! ನಾನು ಬೆವತುಹೋದೆ. "ಅಜ್ಜಿ, ನಿಮಗ ಮರಾಠಿ ಬರತೈತೇನ್ರಿ?"

ಅಜ್ಜಿ ಮೈಕಿನ ಕಡೆಗೇ ತಿರುಗಿ ಹೇಳಿದಳು: "ಮಲಾ ಮರಾಠೀ ಯೇತ ನಾಹೀ." ತನಗೆ ಮರಾಠಿ ಬರುವುದಿಲ್ಲವೆಂದು ಅಚ್ಚ ಮರಾಠಿಯಲ್ಲಿ!

ಸಾಹೇಬರು ಬಂದರೆ ಮರಾಠಿಯಲ್ಲಿ ಮಾತಾಡಬೇಕು, ಕನ್ನಡ ನಮ್ಮ ನಮ್ಮೊಳಗೆ, ಇದು ಆಕೆಯ ಲೆಕ್ಕ. ಆಮೇಲೆ ಆಕೆಯನ್ನು ತಡೆಯುವವರೇ ಇರಲಿಲ್ಲ. ನಿನ್ನ ಊರು ಯಾವುದು, ತಾಯಿ ಇದ್ದಾಳೆಯೇ ಎಂದು ಅವಳೇ ಕೇಳತೊಡಗಿದಳು. ಪ್ರಾಧ್ಯಾಪಕರು ಅದನ್ನು ಜರ್ಮನ್ನಿಗೆ ತಿರುಗಿಸಿ ಅತಿಥಿಗೆ ಹೇಳುವರು, ಅತಿಥಿ ಜರ್ಮನ್ನಿನಲ್ಲಿ ಉತ್ತರ ಕೊಡುವರು, ಪ್ರಾಧ್ಯಾಪಕರು ಮರಾಠಿ ಮಾಡಿ ಅಜ್ಜಿಗೆ ಮುಟ್ಟಿಸುವರು. ತನ್ನ ಅಜ್ಜಿಯ ಊರು ಗಡಿಯಲ್ಲಿತ್ತು, ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಎಂದು ಅತಿಥಿ ಹೇಳಿದಾಗ ಅಜ್ಜಿ ಅವರ ಕೈ ಹಿಡಿದುಕೊಂಡಳು. ಇಬ್ಬರ ಕಣ್ಣಲ್ಲೂ ನೀರು. ನಾನೊಬ್ಬ ಮೂಲೆಯಲ್ಲಿ ಕುಳಿತು, ಟೇಪು ಮುಗಿಯುತ್ತಿದೆಯಲ್ಲ ಎಂಬ ಸಂಕಟಕ್ಕೆ ಆಗಾಗ ಬಾಯಿ ಹಾಕುತ್ತಿದ್ದೆ: "ಯವ್ವಾ, ನಿನ್ನ ಕಾಲ ಬೀಳತೇನಿ, ಒಂದೆರಡರೇ ಕನ್ನಡ ಮಾತಾಡವಾ." ಆಗೆಲ್ಲ ನನ್ನ ದನಿ ಸಣ್ಣದು. ಗಾಬರಿಯಾದರೆ ಇನ್ನೂ ಸಣ್ಣದಾಗುತ್ತಿತ್ತು.

ಟೇಪು ಅತಿಥಿಯ ಜತೆ ಜರ್ಮನಿಗೆ ಹೋಯಿತು. ಮರುವರ್ಷ ನನ್ನ ಪ್ರಬಂಧ ಹೇಗೋ ಮುಗಿಯಿತು, ನೌಕರಿಯೂ ಕಾಯಂ ಆಯಿತು. ಆಗಲೇ ಅಲ್ಲಿಂದ ಜರ್ಮನ್ನಿನಲ್ಲಿ ಅಚ್ಚಾದ ಅತಿಥಿಯ ಲೇಖನ ಬಂತು. ಟೇಪು ಕೇಳಿ ಬರೆದಿಳಿಸಿದವರು ಅವರ ಕಚೇರಿಯ ಸಹಾಯಕರಂತೆ. ಪ್ರಾಧ್ಯಾಪಕರು ಓದಿ ಓದಿ ಅರ್ಥ ಹೇಳುತ್ತ ಕುರ್ಚಿಯಲ್ಲೇ ಬಾಗಿ ನಗತೊಡಗಿದರು. ಗಡಹಿಂಗ್ಲಜ ಸೀಮೆಯ ಶುದ್ಧ ಕನ್ನಡದ ಮಾದರಿ ಎಂದು ಅದರಲ್ಲಿ ಒಂದು ವಾಕ್ಯ ಅಚ್ಚಾಗಿತ್ತು: "ಯವ್ವಾ, ನಿನ್ನ ಕಾಲ ಬೀಳತೇನಿ." ಅಡಿಯಲ್ಲಿ ಟಿಪ್ಪಣಿ: ಮಾತಾಡಿದವರು ಹೆಂಗಸು, ವಯಸ್ಸು ಎಪ್ಪತ್ತೈದು, ಓದುಬರಹ ಇಲ್ಲ.

ಅವಮಾನ ತಾಳಲಾರದೆ ಲೇಖನವನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟು ಎಲ್ಲ ಬಿಡಿಸಿ ಹೇಳಿದೆ. "ತಿದ್ದಿರಿ ಅಂತ ಇವತ್ತ ಕಾಗದ ಬರೀತೇನಿ" ಎಂದು ಹಾರಾಡಿದೆ.

ಆಕೆ ಪುಟವನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ನೋಡಿ ಹೇಳಿದಳು: "ಬರೀರಿ. ವಯಸ್ಸೊಂದ ತಪ್ಪಾಗೇತಿ."