ಗಟಾರದ ಮೇಲಿನ ಕಲ್ಲು

ಬೆಟಗೇರಿಯ ಆ ಹೊಸ ಲೇಔಟಿನ ಕೊನೆಯ ಓಣಿಯ ಬಾಯಿಗೆ ಅಡ್ಡವಾಗಿ ದೊಡ್ಡದೊಂದು ಗಟಾರ. ಅದರ ಮೇಲಿನ ಸ್ಲ್ಯಾಬು ಉಸುಕಿನ ಲಾರಿಯ ಭಾರಕ್ಕೆ ಮುರಿದುಬಿದ್ದು ಒಂದು ಮಳೆಗಾಲವೇ ಕಳೆದಿತ್ತು. ವಾರ್ಡಿನ ಮೆಂಬರನ್ನು ಕೇಳಿದರೆ, ಲೇಔಟು ಇನ್ನೂ ನಮ್ಮ ಕೈಗೆ ಬಂದಿಲ್ಲ ಅನ್ನುತ್ತಿದ್ದ. ಲೇಔಟು ಮಾಡಿದವನನ್ನು ಕೇಳಿದರೆ, ಪ್ಲಾಟು ಮಾರಿದ ಮೇಲೆ ನನಗೂ ಅದಕ್ಕೂ ಏನು ಸಂಬಂಧ ಅನ್ನುತ್ತಿದ್ದ. ಓಣಿಯ ಮಂದಿ ಹಳೆಯ ಕರೆಂಟು ಕಂಬವೊಂದನ್ನು ಅಡ್ಡ ಹಾಕಿಕೊಂಡು, ಸರ್ಕಸ್ಸಿನವರ ಹಾಗೆ ಕೈ ಚಾಚಿ ಒಬ್ಬೊಬ್ಬರೇ ದಾಟುತ್ತಿದ್ದರು. ನಾಚಿಕೆಯಾದರೂ ಆಗಬೇಕಲ್ಲ, ಅದೂ ಇಲ್ಲ.

ಓಣಿಯ ತುದಿಯ ಮನೆ ಟೇಲರ್ ಪುಂಡಲೀಕಪ್ಪನದು. ಹೆಂಡತಿ ಮಗಳ ಬಾಣಂತನಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ಅವತ್ತು ಬೆಳಿಗ್ಗೆ ಅವನ ತಾಯಿ ಅನ್ನಪೂರ್ಣವ್ವನಿಗೆ ದಮ್ಮು ಹೆಚ್ಚಾಯಿತು. ಮಲಗಿಸಿದರೆ ಉಸಿರೇ ಸಿಗದು. ಡಾಕ್ಟರು ಫೋನಿನಲ್ಲೇ ಗದರಿಸಿದರು: "ಆಕ್ಸಿಜನ್ ಹಚ್ಚಬೇಕ್ರಿ. ಸಂಜಿಮಟಾ ತಡದ್ರ ಜೀವ ಉಳಿಯಂಗಿಲ್ಲ."

ಅಂಬ್ಯುಲೆನ್ಸು ಬಂತು. ಗಟಾರದ ಆಚೆಯೇ ನಿಂತಿತು.

"ಸ್ಟ್ರೆಚರ್ ಹಿಡ್ಕೊಂಡು ಈ ಕಂಬದ ಮ್ಯಾಲೆ ದಾಟಾಕ ನಾ ಏನ್ ಮಂಗ್ಯಾ ಅದೀನೇನ್ರಿ?" ಅಂದ ಡ್ರೈವರ್. "ಕಲ್ಲು ಹಾಕಿಸಿ ಫೋನ್ ಮಾಡ್ರಿ, ಬರ್ತೀನಿ."

ಪುಂಡಲೀಕಪ್ಪ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ನೋಡಿದ, ಎದೆ ಒತ್ತಿ ಆಕೆಗೆ ಉಸಿರೇ ಕಟ್ಟಿತು. ಅವನು ಮೊದಲು ಓಡಿದ್ದು ಮೂಲೆಮನೆಯ ಚನ್ನಬಸವಣ್ಣನ ಕಡೆಗೆ. ಕಾಳಿನ ವ್ಯಾಪಾರಿ. ಕಂಪೌಂಡಿಗೆಂದು ತರಿಸಿದ ದಪ್ಪ ಹಾಸುಗಲ್ಲುಗಳು ಅಂಗಳದಲ್ಲೇ ಬಿದ್ದಿದ್ದವು.

"ನನ್ನ ಬಾಗ್ಲಾ ಮೇನ್ ರೋಡಿಗೆ ಐತಿ. ಆ ಸ್ಲ್ಯಾಬಿನ ಮ್ಯಾಲೆ ನಾ ಕಾಲ ಇಟ್ಟಿಲ್ಲ. ನಾ ಯಾಕ ಕೊಡ್ಲಿ?" ಅಂದ ಚನ್ನಬಸವಣ್ಣ.

ಸೆಂಟ್ರಿಂಗ್ ಕೆಲಸದ ದಸ್ತಗೀರಸಾಬ ಎದೆ ಮುಟ್ಟಿಕೊಂಡು ಹೇಳಿದ: "ತೊಲಿ ಕೊಡಾಕ ನಾ ತಯಾರ್ ಅದೀನಿ ಪುಂಡಲೀಕಣ್ಣ, ಖರೇನ ಹೇಳ್ತೀನಿ. ಆದ್ರ ಮೊದಲ ಚನ್ನಬಸವಣ್ಣಾರು ಕೊಡ್ಲಿ."

ಎದುರುಮನೆಯ ಕಾಂಚನಾ ಟೀಚರ್, "ನಾವು ಬಾಡಿಗಿ ಇರವ್ರು ಕಾಕಾ. ಮಾಲಕರನ್ನ ಕೇಳ್ರಿ," ಅಂದಳು. ಮಾಲಕ ಇರುವುದು ಹುಬ್ಬಳ್ಳಿಯಲ್ಲಿ.

ಕೊನೆಗೆ ಅವನು, ಹಾಳಾಗಿ ಹೋಗಲಿ, ತಾನೇ ಸಾಲಸೋಲ ಮಾಡಿ ಹಾಕಿಸುವುದೆಂದು ಎದ್ದ. ತಾಯಿಗೆ ಗಾಳಿಯಾಡಲೆಂದು ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ. ವಿಭೂತಿಯಿಲ್ಲದೆ ಆಕೆ ಹೊರಗೆ ಕೂರುವವಳಲ್ಲ. ಹಣೆತುಂಬ ಹಚ್ಚಿದ, ಶಾಲು ಹೊದಿಸಿದ, ಕೂಲಿಯವರನ್ನು ಹುಡುಕುತ್ತ ಪೇಟೆಗೆ ಓಡಿದ. ಮುದುಕಿಗೆ ಗಾಳಿ ತಾಗಿ ಜೊಂಪು ಹತ್ತಿತು.

ಅವರ ಲಿಂಗಾಯತ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವ ಪದ್ಧತಿಯಿಲ್ಲ. ವಿಭೂತಿ ಹಚ್ಚಿ, ಹೀಗೇ ಗೋಡೆಗೆ ಒರಗಿಸಿ ಕೂರಿಸುತ್ತಾರೆ; ಹೊರುವಾಗಲೂ ವಿಮಾನವೆಂಬ ಅಲಂಕರಿಸಿದ ಚಟ್ಟದಲ್ಲಿ ಕೂರಿಸಿಯೇ. ನೀರಿಗೆಂದು ಹೊರಬಂದ ಕಾಂಚನಾ ಕಟ್ಟೆಯ ಕಡೆ ನೋಡಿದವಳೇ ಕೊಡ ಬಿಟ್ಟಳು.

"ಅಯ್ಯ ಶಿವನ! ಅನ್ನಪೂರ್ಣವ್ವ ಹೋಗಿಬಿಟ್ರಲ್ರೀ!"

ಓಣಿಗೆ ಓಣಿಯೇ ಎದ್ದಿತು.

"ವಿಮಾನ ಕಟ್ಟಿ ಮುದುಕೀನ ಹೊತ್ಕೊಂಡು ಈ ಕಂಬದ ಮ್ಯಾಲೆ ಹೆಂಗ ದಾಟತೀರೋ?" ಚನ್ನಬಸವಣ್ಣ ಗುಡುಗಿದ. "ಹೆಣಾ ಗಟಾರಕ್ಕ ಬಿತ್ತಂದ್ರ ಊರಾಗ ಮಾರಿ ತೋರಸಾಕ ಆಕ್ಕೈತೇನು? ಎತ್ರಿ ನನ್ನ ಕಲ್ಲು!"

ದಸ್ತಗೀರಸಾಬ ಯಾರು ಮೊದಲು ಅಂತ ಕೇಳಲಿಲ್ಲ. ಕಬ್ಬಿಣದ ತೊಲೆ ತಂದು ತಾನೇ ಗಟಾರಕ್ಕಿಳಿದ. ಅದರ ಮೇಲೆ ಹಾಸುಗಲ್ಲು ಬಿದ್ದವು. ಕಾಂಚನಾ ಹೂವಿನ ಮಾಲೆಗೆ ಮನೆಮನೆಯ ಪಟ್ಟಿ ದುಡ್ಡು ಎತ್ತಿದಳು. ನೋಡನೋಡುತ್ತ ಲಾರಿ ಹೋಗುವಂಥ ದಾರಿ ತಯಾರಾಯಿತು.

ಕೂಲಿಯವರು ಸಿಗದೆ ಸೋತು ಬಂದ ಪುಂಡಲೀಕಪ್ಪ ಅದನ್ನು ಕಾಲಲ್ಲಿ ಒತ್ತಿ ನೋಡಿದ. ಕೂಡಲೇ ಅಂಬ್ಯುಲೆನ್ಸಿಗೆ ಫೋನು ಮಾಡಿದ. ಚನ್ನಬಸವಣ್ಣನ ಕೈ ಹಿಡಿದು ಗಳಗಳ ಅತ್ತ.

"ನಿಮ್ಮ ಉಪಕಾರ ಹೆಂಗ ತೀರಸಲಿ ಅಣ್ಣಾರ!"

"ಅಳಬ್ಯಾಡೋ ತಮ್ಮಾ. ದೊಡ್ಡ ಜೀವ, ಸುಖವಾಗಿ ಹೋತು."

ಪುಂಡಲೀಕಪ್ಪ ಹಿಡಿದ ಕೈ ಬಿಟ್ಟ. ತಾನಿಲ್ಲದಾಗ ಹೋಗಿಬಿಟ್ಟಳೇ? ಓಡಿಬಂದು ತಾಯಿಯ ಕಾಲಮೇಲೆ ಬಿದ್ದು, "ಯವ್ವಾ!" ಎಂದು ಬಾಯಿ ಬಡಿದುಕೊಂಡ.

ಅನ್ನಪೂರ್ಣವ್ವ ಕಣ್ಣು ತೆರೆದಳು. "ಯಾಕೋ, ಹಂಗ್ಯಾಕ ಒದರ್ತೀ?" ಅಂದಳು, ತೇಕುತ್ತ. "ಒಂದೀಟ ಚಾ ಕಾಸು."

ಚನ್ನಬಸವಣ್ಣನ ಮುಖದಲ್ಲಿ ಮೋಸಹೋದವನ ಸಿಟ್ಟು ಏರಿತು.

"ಅಂದ್ರ, ಇನ್ನೂ ಜೀವ ಐತೇನು? ಎತ್ರಿ ಕಲ್ಲು! ನಾ ಕೊಟ್ಟಿದ್ದು ಹೆಣಕ್ಕ."

"ಗಾಡಿ ಬರಾಕತ್ತೈತ್ರಿ ಅಣ್ಣಾರ. ಕಾಲಿಗೆ ಬೀಳ್ತೀನಿ, ಅದೊಂದು ದಾಟೂಮಟಾ ಇರ್ಲಿ."

"ಗಾಡಿ ದಾಟಿ ಕಲ್ಲು ಒಡದ್ರ ಕೊಡವ್ರು ಯಾರು?"

ಹಾಕಿದ ಕೈಗಳೇ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಚನ್ನಬಸವಣ್ಣನ ಅಂಗಳಕ್ಕೆ ಸಾಗಿಸಿದವು. ಕಲ್ಲು ಹೋದ ಮೇಲೆ ನನ್ನ ತೊಲೆಯಷ್ಟೇ ಇದ್ದು ಏನು ಮಾಡಬೇಕು ಎಂದು ದಸ್ತಗೀರಸಾಬ ಅದನ್ನೂ ಎತ್ತಿಕೊಂಡ. ಹೋಗುವಾಗ ಚನ್ನಬಸವಣ್ಣ ಕರುಣೆಯಿಂದಲೇ ಪುಂಡಲೀಕಪ್ಪನ ಬೆನ್ನು ತಟ್ಟಿದ.

"ಚಿಂತಿ ಮಾಡಬ್ಯಾಡ. ಹೊತ್ತು ಬಂದಾಗ ಒಂದ ಮಾತು ಹೇಳಿ ಕಳಸು. ಇವೇ ಕಲ್ಲು ತಂದು ಹಾಕ್ತೀವಿ."

ಅಷ್ಟರಲ್ಲಿ ಗಟಾರದ ಆಚೆ ಅಂಬ್ಯುಲೆನ್ಸು ಬಂದು ಒದರತೊಡಗಿತು. ಪುಂಡಲೀಕಪ್ಪ ತಾಯಿಯ ಪಕ್ಕದಲ್ಲಿ ಕುಸಿದು ಕೂತ.

"ಕಲ್ಲು ಒಯ್ದ್ರೇನೋ?" ಕೇಳಿದಳು ಮುದುಕಿ.

"ಒಯ್ದ್ರವ್ವಾ."

ಆಕೆ ಬಹಳ ಕಷ್ಟಪಟ್ಟು ಒಂದು ಉಸಿರು ಎಳೆದುಕೊಂಡಳು. "ಗಾಡಿ ದಾಟೂಮಟಾ ನಾ ಕಣ್ಣು ತಗೀಬಾರ್ದಿತ್ತು ನೋಡು."