ಪಂಪಿನ ಬುಡದ ಮೂರು ತಗಡು

ಕಾರಟಗಿಯ ಹಮಾಲಿ ಹೆಣ್ಣುಮಕ್ಕಳಿಗೆ ನಮ್ಮ ಸಂಘದ ಗಂಡಸರು ಒಂದು ದಿನದ ಬೀಸುವ ಕೂಲಿ ಇನ್ನೂ ಕೊಡುವುದೈತಿ. ಕೊಡಬೇಕಾದವರಲ್ಲಿ ಮೊದಲನೆಯವನು ನಾನು, ಪಡೆಯಬೇಕಾದವರಲ್ಲಿ ಮೊದಲನೆಯವಳು ನನ್ನ ಹೆಂಡತಿ ಹುಲಿಗವ್ವ. ರೊಕ್ಕದ ಬಾಕಿ ಆಗಿದ್ದರೆ ಎಂದೋ ಚಂದಾ ಎತ್ತಿ ತೀರಿಸುತ್ತಿದ್ದೆವು. ಇದು ಚಂದಾ ಎತ್ತಿ ತೀರುವಂಥದ್ದಲ್ಲ!

ಎಂಬತ್ತೆರಡರ ಸುಗ್ಗಿ. ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಗಂಡಸರು, ಭತ್ತ ಒಣಗಿಸುವ ಹೆಂಗಸರು ಎಲ್ಲರೂ ಕೂಲಿ ಹೆಚ್ಚಿಸಿ ಅಂತ ಕೆಲಸ ನಿಲ್ಲಿಸಿದ್ದೆವು. ಮಾಲೀಕರು ಜಾಣರು. ಪೊಲೀಸರನ್ನು ಕರೆಸಲಿಲ್ಲ, ಗೂಂಡಾಗಳನ್ನು ಬಿಡಲಿಲ್ಲ. ಊರಿನ ಹಿಟ್ಟಿನ ಗಿರಣಿಯವನ ಕಿವಿಯಲ್ಲಿ ಒಂದು ಮಾತು ಹೇಳಿದರು, ಅಷ್ಟೇ. ಮರುದಿನದಿಂದ ಅವನು ನಮ್ಮ ಜೋಳ ಬೀಸಲು ಒಲ್ಲೆ ಅಂದ. ಸುತ್ತಲ ಹಳ್ಳಿಯವರು ಕೊಟ್ಟ ಜೋಳ ಚೀಲಗಟ್ಟಲೆ ಬಿದ್ದಿತ್ತು, ಹಿಟ್ಟು ಮಾತ್ರ ಹಿಡಿಯಷ್ಟೂ ಇಲ್ಲ. ಎರಡು ದಿನ ಗುಗ್ಗರಿ ಕುದಿಸಿ ತಿಂದೆವು. ಮೂರನೆಯ ದಿನ ಸಂಘದ ಶೆಡ್ಡಿನಲ್ಲಿ ಇಮಾಮಬೀ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಎದ್ದು ನಿಂತಳು.

"ಅಣ್ಣಾ, ನಿಮ್ಮ ಭಾಷಣ ಭಾಳ ಛಲೋ ಅದಾವ. ಆದ್ರ ನನ್ನ ಮಕ್ಕಳಿಗೆ ಗುಗ್ಗರಿ ತಿಂದು ಹೊಟ್ಟಿ ಹಿಡಕೊಂಡೈತಿ. ಸಂಜೀಕ ರೊಟ್ಟಿ ಇಲ್ಲಂದ್ರ ನಾಳೆ ಮುಂಜಾನೆ ನಾವೆಲ್ಲಾ ಗಿರಣಿ ಬಾಗಿಲಿಗೆ."

ಅವಳ ಹಿಂದಿದ್ದ ಹೆಂಗಸರು ತಲೆಯಾಡಿಸಿದರು. ಅವರು ಹೋದರೆ ಮುಷ್ಕರ ಹೋಯಿತು. ನಾನು ಎದೆಯುಬ್ಬಿಸಿ ಎದ್ದೆ.

"ಸಂಘದ ಎಂಜಿನ್ ಐತಿ, ಬೀಸೋ ಯಂತ್ರ ಐತಿ! ಸಂಜೀಕ ಹಿಟ್ಟು ಕೊಡತೀನಿ. ನಿಮ್ಮ ಕೈಗೆ ಹಳೇ ಬೀಸೋ ಕಲ್ಲು ಮತ್ತ ಬರೂವಂಗ ಆದ್ರ ನನ್ನ ಹೆಸರು ಓಬಳೆಪ್ಪ ಅಲ್ಲ!"

"ಹೆಸರ ಯಾಕ ಒತ್ತಿ ಇಡತಿ? ಬ್ಯಾರೆ ಏನಾರ ಇಡು," ಅಂದಳು ಹುಲಿಗವ್ವ.

ಎಂಜಿನ್ ಇದ್ದದ್ದು ನಿಜ. ತಾವರಗೇರಾದ ಒಬ್ಬ ರೈತನ ಬಾವಿಗೆ ಕರೆಂಟು ಬಂದ ಮೇಲೆ ಮೂಲೆಗೆ ಬಿದ್ದಿದ್ದ ಹಳೇ ಡೀಸೆಲ್ ಎಂಜಿನ್, ಸಂಘಕ್ಕೆ ದಾನ ಕೊಟ್ಟಿದ್ದ. ಶುರು ಮಾಡಿದರೆ ಬಿಳಿ ಹೊಗೆ ಉಗುಳುತ್ತಿತ್ತು. ಬೀಸುವ ಯಂತ್ರದ ಭಾರ ಬಿದ್ದ ಕೂಡಲೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಗಂಗಾವತಿಯ ಮೇಸ್ತ್ರಿ ದಾದೇಸಾಬನನ್ನು ಹಿಂದಿನ ದಿನವೇ ಕೇಳಿದ್ದೆ. ತಂಗಿಯ ಮಗಳ ನಿಕಾಹ್‌ಗೆ ಕುಷ್ಟಗಿಗೆ ಹೊರಟಿದ್ದ ಅವನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡೇ ಕೂಗಿ ಹೇಳಿದ್ದ:

"ಡೀಸೆಲ್ ತಡಾ ಮಾಡಿ ಬೀಳಾಕತ್ತೈತಿ. ಡೀಸೆಲ್ ಪಂಪಿನ ಬುಡದಾಗ ಮೂರು ತೆಳು ತಗಡು ಅದಾವ. ಒಂದ ಒಂದು ತೆಗಿ, ಬೇಗ ಬೀಳತೈತಿ. ಆಮ್ಯಾಲ ಪೈಪು ಬಿಚ್ಚಿ ಚಕ್ರ ಕೈಲೆ ಸಾವಕಾಶ ತಿರುಗಿಸು. ಪಂಪಿನ ಬಾಯಾಗ ಡೀಸೆಲ್ ಕದಲಿದ ಕೂಡ್ಲೆ ನಿಲ್ಲಿಸು. ಚಕ್ರದ ಮ್ಯಾಲಿನ ಗೆರಿ ಮುಳ್ಳಿನ ಎದುರಿಗೆ ಇರಬೇಕು ನೋಡಪಾ!"

ಒಂದು ತೆಗಿ ಅಂದಿದ್ದ. ಇಲ್ಲಿ ನನ್ನ ಇಪ್ಪತ್ತು ವರ್ಷದ ಹೋರಾಟದ ಅನುಭವ ಅಡ್ಡ ಬಂತು. ಮಾಲೀಕರ ಮುಂದೆ ಒಂದು ಬೇಕಾದರೆ ನಾವು ಮೂರು ಕೇಳುತ್ತೇವೆ. ಮೂರು ಕೇಳಿದರೆ ಒಂದು ಸಿಗುತ್ತದೆ. ಒಂದೇ ಕೇಳಿದವನಿಗೆ ಚಹಾ ಕುಡಿಸಿ ಕಳಿಸುತ್ತಾರೆ. ಹತ್ತು ವರ್ಷ ಹಟ ಹಿಡಿದ ಹಳೇ ಎಂಜಿನ್ ಮಾಲೀಕರಿಗಿಂತ ಮೆದುವೇನು? ಪಾನಾ ಹಾಕಿ ಪಂಪು ಎತ್ತಿದೆ. ಮೂರೂ ತಗಡು ತೆಗೆದೆ!

ಚಕ್ರ ತಿರುಗಿಸಿದೆ. ಡೀಸೆಲ್ ಕದಲಿದಾಗ ಗೆರೆ ಮುಳ್ಳಿಗಿಂತ ನಾಲ್ಕು ಬೆರಳು ದೂರ ಇತ್ತು.

"ಗೆರಿ ಕೂಡವಲ್ದಲ್ಲ?" ಅಂದಳು ಹುಲಿಗವ್ವ.

"ಮಾತುಕತಿ ಶುರುವಿನಾಗ ಇಷ್ಟು ಅಂತರ ಇರೂದ. ಆಮ್ಯಾಲ ತಾನ ಸಮೀಪ ಬರತೈತಿ."

"ಅದು ಕಬ್ಬಿಣ."

"ಮಾಲೀಕರ ಎದಿ ಏನು ಬೆಣ್ಣಿ ಐತೇನು?"

ಪೈಪು ಬಿಗಿದು ಹ್ಯಾಂಡಲ್ ಹಾಕಿದೆ. ಅದನ್ನು ಹಿಡಿಯುವಾಗ ಹೆಬ್ಬೆರಳು ಸುತ್ತ ಹಾಕಬಾರದು, ಒದ್ದರೆ ಕೈ ತಾನೇ ಬಿಡಿಸಿಕೊಳ್ಳಲಿ ಅಂತ. ನಾನೋ ಬಾವುಟದ ಕೋಲು ಹಿಡಿದಂತೆ ಗಟ್ಟಿ ಮುಷ್ಟಿ ಹಿಡಿದಿದ್ದೆ. ನಾಲ್ಕು ಸುತ್ತು ತಿರುಗಿಸಿ "ಬಿಡು!" ಅಂದೆ. ಚಕ್ರ ಹಗುರಾಗಿ ತಿರುಗಲಿ ಅಂತ ಎತ್ತಿ ಹಿಡಿದಿದ್ದ ಮೇಲಿನ ಲಿವರನ್ನು ಹುಲಿಗವ್ವ ಬಿಟ್ಟಳು.

ಎಂಜಿನ್ ಚೌಕಾಸಿ ಮಾಡಲಿಲ್ಲ. ಕೇಳಿದ್ದನ್ನೆಲ್ಲಾ ಒಮ್ಮೆಲೇ ಕೊಟ್ಟಿತು!

ಢಮ್ ಅಂದದ್ದಷ್ಟೇ ಗೊತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದು, ನನ್ನ ಹೆಬ್ಬೆರಳನ್ನು ಮಣಿಕಟ್ಟಿನ ಕಡೆಗೆ ತಿರುಗಿಸಿ, ಹಾರಿ ಜೋಳದ ಚೀಲದ ಮೇಲೆ ಬಿತ್ತು. ನಾನು ಅದರ ಪಕ್ಕ ಬಿದ್ದೆ. ಆದರೆ ಎಂಜಿನ್ ಶುರುವಾಗಿತ್ತು!

"ಅಯ್ಯ ಶಿವನ, ಇದು ಉಲ್ಟಾ ತಿರಗಾಕತ್ತೈತಿ!" ಅಂದಳು ಹುಲಿಗವ್ವ.

"ತಿರಗಾಕತ್ತೈತೋ ಇಲ್ಲೋ, ಅಷ್ಟು ನೋಡು! ಜೋಳ ಸುರೀರಿ!"

ಹೊಗೆಕೊಳವೆಯಿಂದ ಹೋಗಬೇಕಾದ ಹೊಗೆ, ಗಾಳಿ ಎಳೆಯುವ ಬಾಯಿಂದ ಕರ್ರಗೆ ನಮ್ಮ ಮುಖಕ್ಕೇ ನುಗ್ಗಿತು. ಬೀಸುವ ಯಂತ್ರದ ಕಲ್ಲೂ ಹಿಮ್ಮುಖ ತಿರುಗಿತು. ಸುರಿದ ಜೋಳ ಒಳಗೇ ಸಿಕ್ಕಿಕೊಂಡು ಒಂದು ಚಿಟಿಕೆ ಹಿಟ್ಟೂ ಕೆಳಗೆ ಬೀಳಲಿಲ್ಲ. ನಾನು ತೆವಳಿ ಹೋಗಿ ಡೀಸೆಲ್ ನಿಲ್ಲಿಸುವಷ್ಟರಲ್ಲಿ ಎಂಜಿನ್ ಕಿರ್ರೆಂದು ಚೀರಿ ಹಿಡಿದುಕೊಂಡಿತು. ಉಲ್ಟಾ ತಿರುಗಿದರೆ ಒಳಗಿನ ಆಯಿಲ್ ಮೇಲೇರುವುದಿಲ್ಲವಂತೆ. ದಾದೇಸಾಬ ಆಮೇಲೆ ಹೇಳಿದ, ನಕ್ಕು ಮುಗಿದ ಮೇಲೆ.

ಹೊಗೆ ತಿಳಿಯಾದಾಗ ಯಾರೂ ನಗುತ್ತಿರಲಿಲ್ಲ. ಇಮಾಮಬೀ ಕೂಸಿನ ಮುಖ ಒರೆಸಿ "ನಡೀರವ್ವ" ಅಂದಳು. ಹೆಂಗಸರು ಎದ್ದರು. ಇಷ್ಟೂ ದಿನದ ಮುಷ್ಕರ ನನ್ನ ಕಣ್ಣೆದುರೇ ಬಾಗಿಲ ಕಡೆ ನಡೆಯಿತು. ಹುಲಿಗವ್ವ ಅಡ್ಡ ನಿಂತಳು.

"ನಿಲ್ರಿ. ನಿಮ್ಮ ಮನಿ ಬೀಸೋ ಕಲ್ಲು ಎಲ್ಲೆದಾವ?"

"ಕೋಳಿ ಬುಟ್ಟಿ ಮ್ಯಾಲ ಹೇರೀನಿ," ಅಂದಳು ಒಬ್ಬಳು.

"ನಾ ಅದರ ಮ್ಯಾಲ ಅರಿವಿ ಒಗಿತೀನಿ," ಅಂದಳು ಇನ್ನೊಬ್ಬಳು.

"ತೊಳದು ತರ್ರಿ." ಆಮೇಲೆ ನಮ್ಮ ಕಡೆ ತಿರುಗಿದಳು. "ಬೀಸತೀವಿ. ಪುಕ್ಕಟೆ ಅಲ್ಲ. ಮುಷ್ಕರ ಮುಗದ ಮರುದಿನ ನೀರು ಗಂಡಸರು ತರಬೇಕು. ರೊಟ್ಟಿ ಗಂಡಸರು ಬಡೀಬೇಕು. ಮುಸುರಿ ಗಂಡಸರು ತಿಕ್ಕಬೇಕು. ನಾವು ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೋತೀವಿ."

ನಮ್ಮವರು ಗುಜುಗುಜು ಅಂದರು. ಒಂದು ಒಪ್ಪಿದ್ದರೂ ಅವಳಿಗೆ ಸಾಕಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಮೂರು ಕೇಳುವ ವಿದ್ಯೆ ಕಲಿಸಿದವನೇ ನಾನು! ಆದರೆ ಇಮಾಮಬೀಯ ಒಂದು ಕಾಲು ಹೊಸ್ತಿಲಾಚೆ ಇತ್ತು.

"ಮೂರೂ ಒಪ್ಪಿದ್ವಿ," ಅಂದೆ.

"ಮೂರೂ?" ಅಂದಳು ಹುಲಿಗವ್ವ. ಒದೆ ತಿಂದಾಗ ನನ್ನ ಬಾಯಿ ಎಷ್ಟು ತೆರೆದಿತ್ತೋ ಅವಳದೂ ಅಷ್ಟೇ ತೆರೆದಿತ್ತು.

ಕಲ್ಲುಗಳು ಬಂದವು. ಹಾಡು ಗೀಡು ಏನೂ ಹಾಡಲಿಲ್ಲ. ನಮ್ಮನ್ನು ಬೈಯುತ್ತಾ ಬೀಸಿದರು, ಹಿಟ್ಟು ಭಾಳ ಸಣ್ಣಗೆ ಬಂತು. ಸಂಜೆಗೆ ರೊಟ್ಟಿ ಆದವು. ಕಟ್ಟು ಹಾಕಿದ ಕೈಯೊಂದಿಗೆ ನಾನು ಮೂಲೆಯಲ್ಲಿ ಕುಳಿತಿದ್ದೆ.

"ನಿನ್ನ ಗಂಡಗ ರೊಟ್ಟಿ ಕೊಟ್ಟೇನ?" ಇಮಾಮಬೀ ಕೇಳಿದಳು.

"ಯಾರಿಗೆ? ಗಂಡನ ಹೆಸರ ಹೇಳಬಾರದು ಅಂತ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ನೆವ್ವ. ಇನ್ನ ಆ ತ್ರಾಸಿಲ್ಲ. ಹೇಳಾಕ ಹೆಸರ ಉಳದಿಲ್ಲ!"

ಮರುದಿನ ಮುಂಜಾನೆ ಗಿರಣಿ ಬಾಗಿಲಿಗೆ ಯಾರೂ ಹೋಗಲಿಲ್ಲ. ಆ ವಾರವೇ ಮಾಲೀಕರು ಬಗ್ಗಿದರು. ಮೂರು ಕೇಳಿದ್ದೆವು, ಒಂದು ಕೊಟ್ಟರು. ಮರುದಿನವೇ ವಿಜಯೋತ್ಸವದ ಮೆರವಣಿಗೆ ಮಾಡಿದೆವು. ಡೊಳ್ಳು ಬಡಿಸಿದೆವು. ಎಡಗೈ ಎತ್ತಿ ದುಡಿಮೆಯ ಬೆಲೆಯ ಬಗ್ಗೆ ಭಾಷಣ ಮಾಡಿದೆ, ಚಪ್ಪಾಳೆ ಬಿದ್ದವು. ಆ ಮೆರವಣಿಗೆಗೆ ನೀರು ತಂದವರು, ರೊಟ್ಟಿ ಬಡಿದವರು, ಮುಸುರಿ ತಿಕ್ಕಿದವರು ಹೆಂಗಸರೇ. ಕೊಟ್ಟ ಮಾತು ನಮ್ಮಲ್ಲಿ ಒಬ್ಬನಿಗೂ ನೆನಪಾಗಲಿಲ್ಲ. ದಾದೇಸಾಬ ಎಂಜಿನ್ ಬಿಚ್ಚಿ ರಿಪೇರಿ ಮಾಡಿ, ಎರಡು ತಗಡು ವಾಪಸ್ ಹಾಕಿ ಗೆರೆ ಕೂಡಿಸಿದ. ನಾವು ಯಾವ ಗೆರೆಯನ್ನೂ ಕೂಡಿಸಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಹುಲಿಗವ್ವ ಖಾಲಿ ಕೊಡ ತಂದು ನನ್ನ ಹಾಳೆಯ ಮೇಲೇ ಇಟ್ಟಿದ್ದಾಳೆ. "ಬಾಕಿ ಐತಿ ಅಂತ ಬರಿಯಾಕ ಕೈ ಬರತೈತಿ, ತೀರಸಾಕ ಬರಾಂಗಿಲ್ಲೇನು?" ಅನ್ನುತ್ತಾಳೆ.

ಓದುತ್ತಿರುವ ಗಂಡಸರೇ, ನಿಮ್ಮ ಮನಿಯಾಗ ಈಗ ರೊಟ್ಟಿ ಬಡಿಯೋ ಸಪ್ಪಳ ಕೇಳಾಕತ್ತೈತಿ ಹೌದಲ್ಲೋ? ಇದನ್ನ ಕೆಳಗಿಡ್ರಿ. ಒಳಗ ಹೋಗ್ರಿ. ಅಕಿ ಮೂರು ಕೇಳಿದ್ರ ಮೂರೂ ಕೊಡ್ರಿ, ಚೌಕಾಸಿ ಮಾಡಬ್ಯಾಡ್ರಿ. ನಾನಂತೂ ಕೊಡ ಎತ್ತಿದೆ. ನೀವೂ ಏಳ್ರಿ!