ದ್ರಾಕ್ಷಿ ಕಾಕ್‌ಟೇಲಿಗೆ ಮಾವನ ಕೈ ಉಪ್ಪು

ಹೊಸ ಅಳಿಯನಿಗೆ ಮಾವನ ಮನೆಯಲ್ಲಿ ಮೊದಲ ಸಲ ಯಾವ ಕೆಲಸ ಸಿಗುತ್ತದೋ ಅದೇ ಅವನ ಜೀವಮಾನದ ಹುದ್ದೆ ಎಂಬುದು ನನ್ನ ಅನುಭವ. ಸರ್ಕಾರಿ ನೌಕರಿಯಲ್ಲಾದರೂ ಬಡ್ತಿ ಉಂಟು, ವರ್ಗಾವಣೆ ಉಂಟು, ಯಾರದಾದರೂ ಕೈಕಾಲು ಹಿಡಿಯುವ ಅವಕಾಶವೂ ಉಂಟು. ಅಳಿಯನ ಹುದ್ದೆಯಲ್ಲಿ ಇದಾವುದೂ ಇಲ್ಲ. ನನಗೆ ಸಿಕ್ಕಿದ್ದು ಈರುಳ್ಳಿ. ಮದುವೆಯಾದ ವರ್ಷ ಮಾವನ ತೋಟದ ಊಟಕ್ಕೆ ಹೋಗಿ, ಏನು ಮಾಡುವುದೆಂದು ತಿಳಿಯದೆ ಕೈಕಟ್ಟಿ ನಿಂತಿದ್ದಾಗ ಯಾರೋ ಚಾಕು ಕೊಟ್ಟು, "ಇದಿಷ್ಟು ಹೆಚ್ಬಿಡಿ ಮೇಷ್ಟ್ರೇ" ಎಂದು ಒಂದು ರಾಶಿ ತೋರಿಸಿದರು. ಅಂದಿನಿಂದ ಹೆಚ್ಚುತ್ತಲೇ ಬಂದಿದ್ದೇನೆ. ಹೆಂಡತಿಯ ಕಡೆಯವರು ನನ್ನನ್ನು ನೋಡಿರುವುದೇ ಕಣ್ಣೀರಿನಲ್ಲಿ. ಹಾಗಾಗಿ ನಾನು ಬಹಳ ಮೃದು ಮನಸ್ಸಿನವನೆಂದು ಅಲ್ಲಿ ಒಂದು ಅಭಿಪ್ರಾಯವೂ ಇದೆ.

ಈ ತೋಟದ ಊಟದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಮಾವನವರ ದ್ರಾಕ್ಷಿ ತೋಟ ಕಳವಾರದ ಹತ್ತಿರ, ಸ್ಕಂದಗಿರಿಯ ಬುಡದಲ್ಲಿದೆ. ಡಿಸೆಂಬರ್ ಕೊನೆಯ ರಜೆಯಲ್ಲಿ ಇಡೀ ಕುಟುಂಬ ಅಲ್ಲಿ ಸೇರುತ್ತದೆ. ಅಂದು ಹೆಂಗಸರಿಗೆ ರಜೆ, ಗಂಡಸರದೇ ಅಡುಗೆ. ಮೂರು ಕಲ್ಲಿನ ಒಲೆಗಳು ಸಾಲಾಗಿ ಉರಿಯುತ್ತವೆ. ಮಟನ್ ಸಾರು, ಮುದ್ದೆ, ಅನ್ನ. ಇಷ್ಟು ಬಹಿರಂಗ ಕಾರ್ಯಕ್ರಮ. ಗುಪ್ತ ಕಾರ್ಯಕ್ರಮ ಪಂಪ್‌ಸೆಟ್ ಮನೆಯ ಹಿಂದೆ, ಸ್ಟೀಲ್ ಲೋಟಗಳಲ್ಲಿ. ಅದರ ಮುಖ್ಯಸ್ಥ ನನ್ನ ಷಡ್ಡಕ, ಗೌರಿಬಿದನೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಂಜಣ್ಣ. ರಮ್ಮಿಗೆ ಕೋಲಾ ಸುರಿದು, ಮೇಲೊಂದು ಪುದೀನ ಎಲೆ ತೇಲಿಬಿಟ್ಟು, ಅದನ್ನು ಕಾಕ್‌ಟೇಲ್ ಎಂದು ಕರೆಯುವ ಧೈರ್ಯ ಅವರೊಬ್ಬರಿಗೇ ಇರುವುದು. ಮಾವನವರಿಗೆ ಎಲ್ಲ ಗೊತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ಅವರಿಗೆ ತೋಟದ ಇನ್ನೊಂದು ಮೂಲೆಯ ಬಳ್ಳಿಗಳನ್ನು ನೋಡುವ ಕೆಲಸ ಬೀಳುತ್ತದೆ. ಗೊತ್ತಿಲ್ಲದವರಂತೆ ಇರುವ ಈ ದೊಡ್ಡತನಕ್ಕೆ ನಾವು ಅಳಿಯಂದಿರು ಸದಾ ಋಣಿಗಳು.

ಮಾವನವರು ಅಡುಗೆಯಲ್ಲಿ ಕೈಹಾಕುವುದು ಒಂದೇ ಕೆಲಸಕ್ಕೆ: ಉಪ್ಪು. ಹತ್ತು ಜನ ಸೇರಿ ಅಡುಗೆ ಮಾಡುವಾಗ ಎಲ್ಲರೂ ಒಂದೊಂದು ಚಿಟಿಕೆ ಹಾಕಿದರೆ ಸಾರು ಸಮುದ್ರವಾಗುತ್ತದೆಂದು ಅವರ ತಂದೆಯ ಕಾಲದಲ್ಲೇ ಕಟ್ಟಳೆಯಾಗಿದೆ. ಒಲೆಯ ಮೇಲಿರುವ ಪಾತ್ರೆಗೆ ಉಪ್ಪು ಹಾಕುವವರು ಮನೆಯ ಹಿರಿಯರೊಬ್ಬರೇ. ಇವರು ಕಲ್ಲುಪ್ಪಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಒಲೆಯಿಂದ ಒಲೆಗೆ ನಡೆದು, ಯಾರನ್ನೂ ಏನನ್ನೂ ಕೇಳದೆ ಮುಷ್ಟಿ ಬಿಚ್ಚುತ್ತಾರೆ. ಕಟ್ಟಳೆಯ ಎರಡನೆಯ ಭಾಗ ಇನ್ನೂ ಮುಖ್ಯವಾದದ್ದು. ಊಟದ ಹೊತ್ತಿನಲ್ಲಿ ಅವರು "ಉಪ್ಪು ಹೆಂಗದೆ?" ಎಂದು ಕೇಳಿದಾಗ ಎಲ್ಲರೂ "ಹದವಾಗಿದೆ" ಎನ್ನಬೇಕು. ಹೆಚ್ಚಾಗಿದ್ದರೆ ಮುದ್ದೆ ದೊಡ್ಡದು ಮಾಡಿಕೊಳ್ಳಬೇಕು, ಕಡಿಮೆಯಾಗಿದ್ದರೆ ಉಪ್ಪಿನಕಾಯಿಯ ಕಡೆ ಕೈ ಚಾಚಬೇಕು. ಬಾಯಿ ಬಿಡುವಂತಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ, ಗೌರಿಹಬ್ಬಕ್ಕೆ ಮಾವನ ಮನೆಗೆ ಬಂದಿದ್ದ ಮಂಜಣ್ಣ ಎಲ್ಲರ ಮುಂದೆ, "ನಮ್ ಮೇಷ್ಟ್ರು ಕಾಲೇಜಲ್ಲಿ ಕೆಮಿಸ್ಟ್ರಿ ಹೇಳ್ತಾರೆ. ಮನೇಲಿ ಟೀ ಕಾಯ್ಸು ಅಂದ್ರೆ ಹಾಲುಕ್ಸಿ ಕೂತ್ಕೊಂತಾರೆ" ಎಂದರು. ನಾನು ಶಿಡ್ಲಘಟ್ಟದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವುದು ನಿಜ. ಹಾಲು ಉಕ್ಕಿಸುವುದೂ ನಿಜ. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ನನ್ನ ವಿದ್ಯೆಗೆ ಮಾಡಿದ ಅವಮಾನವೆನಿಸಿ ರೇಗಿಹೋಯಿತು. "ಈ ಸಲ ತೋಟದಲ್ಲಿ ಕಾಕ್‌ಟೇಲ್ ನನ್ದು" ಎಂದುಬಿಟ್ಟೆ. ಮಂಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಗ್ಲಿ ಬಿಡಿ. ನಿಮ್ದು ಗೆದ್ರೆ ಮುಂದಕ್ಕೆ ಈರುಳ್ಳಿ ನಾನ್ ಹೆಚ್ತೀನಿ. ಸೋತ್ರೆ ಬೆಳ್ಳುಳ್ಳಿನೂ ನಿಮ್ದೇ."

ಬೆಳ್ಳುಳ್ಳಿ! ಅಷ್ಟು ಜನರ ಮಸಾಲೆಗೆ ಎಷ್ಟು ಬೆಳ್ಳುಳ್ಳಿ ಬೇಕೆಂಬುದು ಬಿಡಿಸಿದವರಿಗೆ ಮಾತ್ರ ಗೊತ್ತು. ಅಂದು ಮನೆಗೆ ಬಂದವನೇ ಮೊಬೈಲ್ ಹಿಡಿದು ಕೂತೆ. ಒಬ್ಬ ವಿದೇಶಿ ಪುಣ್ಯಾತ್ಮ ಕ್ರಿಸ್‌ಮಸ್ ರಜೆಗೆಂದು ಬಿಸಿ ಬಿಸಿ ಮಸಾಲೆ ಕಾಕ್‌ಟೇಲ್ ಮಾಡಿ ತೋರಿಸುತ್ತಿದ್ದ. ಅವನ ಕಿಟಕಿಯಾಚೆ ಹಿಮ ಸುರಿಯುತ್ತಿತ್ತು. ನಮ್ಮ ಕಿಟಕಿಯಾಚೆ ಎದುರುಮನೆಯವರ ಹಪ್ಪಳ ಒಣಗುತ್ತಿತ್ತು. ಆದರೆ ಅವನು ಹಾಕಿದ ಸಾಮಾನು ನೋಡಿ ನನಗೆ ಆನೆಬಲ ಬಂತು. ಚಕ್ಕೆ, ಲವಂಗ, ಚಕ್ರಮೊಗ್ಗು, ಶುಂಠಿ, ಕಿತ್ತಳೆ ಸಿಪ್ಪೆ. ಕಿತ್ತಳೆ ಸಿಪ್ಪೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಮಟನ್ ಸಾರಿನದೇ. ದ್ರಾಕ್ಷಿಯಂತೂ ಮಾವನವರ ತೋಟದಲ್ಲೇ ತೂಗುತ್ತಿದೆ. ನನ್ನ ಉಪಾಯ ಇಷ್ಟೇ: ದ್ರಾಕ್ಷಿರಸವನ್ನು ಮಸಾಲೆ ಹಾಕಿ ಎಲ್ಲರೆದುರಿಗೇ ಕುದಿಸುವುದು, ಹೆಂಗಸರು ಮಕ್ಕಳಿಗೆ ಹಾಗೆಯೇ ಕೊಡುವುದು, ಉಳಿದದ್ದಕ್ಕೆ ಪಂಪ್‌ಸೆಟ್ ಹಿಂದೆ ರಮ್ ಸೇರಿಸುವುದು. ಮನೆಯಲ್ಲಿ ರಮ್ ಇಲ್ಲದೆ ಒಂದು ಸಲ ಮಾಡಿ ನೋಡಿದೆ. ನನ್ನ ಹೆಂಡತಿ ಸುಜಾತ ಒಂದು ಗುಟುಕು ಕುಡಿದು, "ಚೆನ್ನಾಗೈತೆ ರೀ. ಕೆಮ್ಮಿಗೆ ಒಳ್ಳೇದು" ಎಂದಳು. ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಆ ದಿನ ಬಂತು. ಮೂರನೆಯ ಒಲೆಯನ್ನು ನಾನು ವಶಪಡಿಸಿಕೊಂಡೆ. ಒಂದು ದೊಡ್ಡ ದಬರಿಯಲ್ಲಿ ಕಪ್ಪು ದ್ರಾಕ್ಷಿಯ ರಸ ಕುದಿಯುತ್ತಿತ್ತು. ಮಸಾಲೆಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟಿದ್ದೆ. ಪರಿಮಳ ಎಷ್ಟಿತ್ತೆಂದರೆ ಬೆಟ್ಟ ಇಳಿದು ಬರುತ್ತಿದ್ದ ಟ್ರೆಕ್ಕಿಂಗಿನ ಹುಡುಗರು ಬೇಲಿಯ ಹತ್ತಿರ ನಿಂತು ಮೂಗೆಳೆದು ಹೋದರು. ಮಂಜಣ್ಣ ಮಾತ್ರ ದೂರದಲ್ಲಿ ಕೂತು, ಬೇಕೆಂದೇ ನನಗೆ ಕಾಣುವಂತೆ ಬೆಳ್ಳುಳ್ಳಿ ಗೆಡ್ಡೆಗಳನ್ನು ಒಂದು ಮೊರದಲ್ಲಿ ಜೋಡಿಸುತ್ತಿದ್ದರು. ನಾನು ಕಿತ್ತಳೆ ಸಿಪ್ಪೆ ತರಲು ಕಾರಿನ ಹತ್ತಿರ ಹೋದೆ. ತಿರುಗಿ ನೋಡುತ್ತೇನೆ, ಮಾವನವರು ನನ್ನ ದಬರಿಯ ಮುಂದೆ ನಿಂತಿದ್ದಾರೆ. ಕಂಕುಳಲ್ಲಿ ಡಬ್ಬಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಷ್ಟಿ ಬಿಚ್ಚಿಕೊಂಡಿತು.

ಕೂಗುವಂತಿರಲಿಲ್ಲ. ಚೆಲ್ಲುವಂತೆಯೂ ಇರಲಿಲ್ಲ. ಮಾವ ಉಪ್ಪು ಹಾಕಿದ ಪಾತ್ರೆಯನ್ನು ಚೆಲ್ಲಿದ ಅಳಿಯ ಆ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಅವರು ನನ್ನ ಬೆನ್ನು ತಟ್ಟಿ, "ಏನೋ ಹೊಸ ಸಾರು ಮಾಡ್ತಿದ್ದೀರಂತೆ, ಮಾಡಿ ಮಾಡಿ" ಎಂದು ಬಳ್ಳಿಗಳ ಕಡೆ ನಡೆದರು. ಸೌಟಿನಿಂದ ತೆಗೆದು ರುಚಿ ನೋಡಿದೆ. ಕಣ್ಣಲ್ಲಿ ನೀರು ಬಂತು, ಈ ಸಲ ಈರುಳ್ಳಿ ಇಲ್ಲದೆಯೇ. ಸುಜಾತಳನ್ನು ಕೈಸನ್ನೆ ಮಾಡಿ ಕರೆದೆ. ಅವಳೂ ರುಚಿ ನೋಡಿ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು, "ಅಪ್ಪ ಬಂದಿದ್ರಾ?" ಎಂದಳು. ಬಂದಿದ್ದರು ಎಂದೆ. ರಜೆಯಲ್ಲಿದ್ದ ಅವಳು ಪಾಪ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. ಇಬ್ಬರೂ ಸೇರಿ ಇನ್ನೊಂದು ಬುಟ್ಟಿ ದ್ರಾಕ್ಷಿ ಹಿಂಡಿದೆವು. ಬೆಲ್ಲದ ಅಚ್ಚು ಜಜ್ಜಿ ಹಾಕಿದೆವು. ಕೈಗೆ ಸಿಕ್ಕ ನಿಂಬೆಹಣ್ಣನ್ನೆಲ್ಲ ಹಿಂಡಿದೆವು. ಮಟನ್ ಸಾರಿಗೆಂದು ಕುಟ್ಟಿಟ್ಟಿದ್ದ ಮೆಣಸಿನಲ್ಲಿ ಒಂದು ಹಿಡಿ ಕದ್ದು ಬೆರೆಸಿದೆವು. ಮತ್ತೆ ರುಚಿ ನೋಡಿದೆ. ಏನೋ ಆಗಿತ್ತು. ಏನೆಂದು ಹೇಳಲು ನನಗೆ ತಿಳಿಯಲಿಲ್ಲ. ಉಪ್ಪು, ಹುಳಿ, ಸಿಹಿ, ಖಾರ ನಾಲ್ಕೂ ಒಂದರ ಹಿಂದೊಂದು ಬಂದು ನಾಲಗೆಗೆ ನಮಸ್ಕಾರ ಹೇಳಿ ಹೋದವು. ಸುಜಾತ ಇನ್ನೊಂದು ಸೌಟು ತೆಗೆದುಕೊಂಡಳು. ನನ್ನ ಹೆಂಡತಿ ನಾನು ಮಾಡಿದ್ದನ್ನು ಎರಡನೆಯ ಸಲ ಬಾಯಿಗೆ ಹಾಕಿಕೊಂಡಿದ್ದು ಅದೇ ಮೊದಲು.

ಮೊದಲ ಲೋಟ ಅತ್ತೆಯವರಿಗೆ. ಅವರ ತವರು ಚಿಂತಾಮಣಿಯ ಆಚೆ ಮುರುಗಮಲ್ಲದ ಕಡೆ. ಸುಮ್ಮನೆ ಮೆಚ್ಚಿಕೊಂಡರೆ ಕನ್ನಡದಲ್ಲಿ ಹೇಳುತ್ತಾರೆ, ಮನಸಾರೆ ಮೆಚ್ಚಿಕೊಂಡರೆ ತೆಲುಗೇ ಬರುವುದು. ಲೋಟ ಖಾಲಿ ಮಾಡಿ, ಬಾಯೊರೆಸಿಕೊಂಡು, "ಚಾಲಾ ಬಾಗುಂದಪ್ಪಾ!" ಎಂದರು. ಹೆಂಗಸರ ಗುಂಪು ದಬರಿಯ ಸುತ್ತ ಸೇರಿತು. ನಮ್ಮ ಪಾಲು ಮುಗಿದುಹೋದೀತೆಂದು ಹೆದರಿ ನಾನು ಅರ್ಧವನ್ನು ಬಕೆಟ್ಟಿಗೆ ಬಗ್ಗಿಸಿಕೊಂಡು ಪಂಪ್‌ಸೆಟ್ ಮನೆಯ ಹಿಂದಕ್ಕೆ ಓಡಿದೆ. ರಮ್ ಬೆರೆಸಿ ಮಂಜಣ್ಣನ ಕೈಗೆ ಲೋಟ ಕೊಟ್ಟೆ. ಅವರು ನಗಲು ತಯಾರಾಗಿಯೇ ಬಾಯಿಗಿಟ್ಟರು. ಆ ನಗೆ ಹೊರಗೆ ಬರಲೇ ಇಲ್ಲ. ಇನ್ನೊಂದು ಗುಟುಕು, ಮತ್ತೊಂದು. ಕೊನೆಗೆ ಲೋಟವನ್ನು ಬೋರಲು ಹಾಕಿ ತೋರಿಸಿ, "ಮೇಷ್ಟ್ರೇ, ದೊಡ್ ದೊಡ್ ಹೋಟ್ಲಲ್ಲಿ ಗ್ಲಾಸ್ ಅಂಚಿಗೆ ಉಪ್ಪು ಸವರ್ತಾರೆ, ನೋಡಿದೀನಿ. ಒಳಕ್ಕೇ ಹಾಕೋ ತಲೆ ನಿಮ್ಗೆ ಹೆಂಗೆ ಬಂತು?" ಎಂದರು. ಅಯಾನು, ಆಮ್ಲ, ಸಮತೋಲನ ಎಂದೆಲ್ಲ ನಾನು ಒಂದು ಪಾಠವನ್ನೇ ಮಾಡಿದೆ. ತರಗತಿಯಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ. ಪಾಠ ಮುಗಿದ ಮೇಲೆ ಮಂಜಣ್ಣ ಎದ್ದು, ಚಾಕು ತೆಗೆದುಕೊಂಡು, ಊಟಕ್ಕೆ ನಂಚಿಕೊಳ್ಳುವ ಈರುಳ್ಳಿಯ ಮುಂದೆ ಕೂತರು. ಅವರ ಕಣ್ಣಿಂದ ಇಳಿದ ಮೊದಲ ಹನಿಯನ್ನು ನಾನು ನಿಂತು ನೋಡಿದೆ. ಹೊಟ್ಟೆ ತುಂಬಿತು.

ಊಟದ ಹೊತ್ತಿನಲ್ಲಿ ಮಾವನವರು ಎಂದಿನಂತೆ ಕೇಳಿದರು: "ಉಪ್ಪು ಹೆಂಗದೆ?" ಎಲ್ಲರೂ "ಹದವಾಗಿದೆ" ಎಂದರು. ಮಂಜಣ್ಣ ಅಷ್ಟಕ್ಕೇ ಬಿಡದೆ, ದ್ರಾಕ್ಷಿರಸದಲ್ಲಿದ್ದ ಮೇಷ್ಟ್ರ ಕೈಯ ಉಪ್ಪಿನ ಹದವನ್ನು ಬಾಯ್ತುಂಬ ಹೊಗಳಿದರು. ನಾನು ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದೆ. ಸುಜಾತ ನನ್ನನ್ನೇ ನೋಡುತ್ತಿದ್ದಳು. ಮಾವನವರು, "ನನ್ ಕೈ ಈಗೀಗ ನಡುಗ್ತದೆ. ಬರೋ ವರ್ಷದಿಂದ ಉಪ್ಪು ಮೇಷ್ಟ್ರೇ ಹಾಕ್ಲಿ" ಎಂದು ಡಬ್ಬಿಯನ್ನು ನನ್ನ ಎಲೆಯ ಪಕ್ಕದಲ್ಲಿಟ್ಟರು. ಈರುಳ್ಳಿಯಿಂದ ಉಪ್ಪಿಗೆ! ಇಂಥ ಬಡ್ತಿ ನಮ್ಮ ಇಲಾಖೆಯಲ್ಲಿ ಯಾರಿಗೂ ಸಿಕ್ಕಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಮನೆಯವರೆಗೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಈಗ ದಿನಾ ಸಂಜೆ ಮನೆಯ ಸಾರಿಗೆ ನಾನೇ ಉಪ್ಪು ಹಾಕುತ್ತೇನೆ, ಅಭ್ಯಾಸವಾಗಲೆಂದು. ಚಮಚ ಹಿಡಿಯುವುದಿಲ್ಲ, ಮುಷ್ಟಿಯೇ. ನಿನ್ನೆ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, "ಉಪ್ಪು ಹೆಂಗಿದೆ?" ಎಂದು ಕೇಳಿದೆ. "ಹದವಾಗಿದೆ" ಎಂದಳು ಸುಜಾತ. "ಹದವಾಗಿದೆ ಅಪ್ಪ" ಎಂದಳು ಮಗಳು. ಇಬ್ಬರೂ ಅನ್ನದ ಮೇಲೆ ಇನ್ನಷ್ಟು ಮೊಸರು ಸುರಿದುಕೊಂಡದ್ದು ನನಗೆ ಕಾಣಿಸಲಿಲ್ಲ.